ಅಂಪೈರ್ ನಿಲ್ಲುವ ಜಾಗ

ಇದನ್ನು ಹೇಳಲು ಹೊರಟಾಗಲೆಲ್ಲ ಸಾಫ್ಟ್‌ಬಾಲ್ ಎಂದರೇನು ಎಂಬಲ್ಲಿಂದ ಶುರು ಮಾಡಬೇಕಾಗುತ್ತದೆ. ಅಷ್ಟರಲ್ಲೇ ನನಗೆ ಸಾಕಾಗಿಹೋಗಿರುತ್ತದೆ. ಕ್ರಿಕೆಟ್ಟಿನ ದೂರದ ನೆಂಟ ಎಂದುಕೊಳ್ಳಿ. ದುಂಡನೆಯ ದಾಂಡು, ಕಿತ್ತಳೆ ಹಣ್ಣಿಗಿಂತ ದೊಡ್ಡ ಚೆಂಡು, ನಾಲ್ಕು ಮೂಲೆಯ ಒಂದು ಚೌಕ. ಮೂಲೆಗೆ ಬೇಸ್ ಎನ್ನುತ್ತಾರೆ. ಚೆಂಡು ಹೊಡೆದ ಹುಡುಗಿ ಬೇಸುಗಳನ್ನು ಒಂದೊಂದಾಗಿ ಮುಟ್ಟುತ್ತ ಓಡಿ, ಹೊರಟ ಮೂಲೆಗೇ ವಾಪಸು ಬರಬೇಕು. ಅಂಪೈರುಗಳು ಇಬ್ಬರು. ಒಬ್ಬರು ಹೊಡೆಯುವವಳ ಬೆನ್ನ ಹಿಂದೆ, ಮುಖಕ್ಕೆ ತಂತಿಯ ಮುಖವಾಡ ಹಾಕಿಕೊಂಡು. ಇನ್ನೊಬ್ಬರು ಮೈದಾನದೊಳಗೆ, ಓಟ ನೋಡಲಿಕ್ಕೆ. ಈ ಎರಡನೆಯವರು ಎಲ್ಲಿ ನಿಲ್ಲಬೇಕು ಎನ್ನುವುದೇ ನಾನು ಹೇಳಬೇಕಾಗಿರುವ ಸಂಗತಿ. ಎಲ್ಲಿ ನಿಂತರೇನು ಎಂದು ಕೇಳಿದವರು ನಗುತ್ತಾರೆ. ಆ ಒಂದು ವಿಷಯಕ್ಕೆ ಒಬ್ಬ ಹುಡುಗಿಯ ಜೀವ ಹೋಗುವುದರಲ್ಲಿತ್ತು ಎಂದರೆ ನಂಬುವುದಿಲ್ಲ. ನಾನು ನೋಡಿದೆ. ಇಷ್ಟು ವರ್ಷವಾದರೂ ನೋಡುವುದು ನಿಂತಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಸೇಲಂನಲ್ಲಿ ಬಿ.ಎ. ಮುಗಿಸಿ, ಮದ್ರಾಸಿನಲ್ಲಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು, ಧರ್ಮಪುರಿ ಕಡೆಯ ಹೆಣ್ಣುಮಕ್ಕಳ ಹೈಸ್ಕೂಲಿಗೆ ಡ್ರಿಲ್ ಟೀಚರ್ ಆಗಿ ಬಂದಿದ್ದೆ. ತರಬೇತಿಯಲ್ಲಿ ಸಾಫ್ಟ್‌ಬಾಲ್ ಕಲಿತವರು ಸೇಲಂ, ಧರ್ಮಪುರಿ ಎರಡೂ ಜಿಲ್ಲೆ ಸೇರಿ ಬೆರಳೆಣಿಕೆಯಷ್ಟು ಜನ. ಹಾಗಾಗಿ ಎಲ್ಲಿ ಪಂದ್ಯವಿದ್ದರೂ ನನಗೆ ಕರೆ ಬರುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಷೂ ಹಾಕಿ, ಮುಖವಾಡವನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ. ಅದಿಯಮಾನ್‌ಕೋಟೆಯ ನಿಲ್ದಾಣದಲ್ಲಿ ನನ್ನ ಜೊತೆಯ ಅಂಪೈರ್ ಹತ್ತುತ್ತಿದ್ದರು. ಅಲ್ಲಿಯ ಶಾಲೆಯೊಂದರ ಡ್ರಿಲ್ ಮೇಷ್ಟ್ರು. ನಲವತ್ತು ದಾಟಿದವರು, ಓಮಲೂರಿನ ಆಚೆಯ ಕುರಿ ಸಾಕುವ ಮನೆಯವರು. ಅವರ ಮನೆಯಲ್ಲೂ ಕನ್ನಡ, ಮೆಟ್ಟೂರಿನ ಹತ್ತಿರದ ನಮ್ಮ ಬೇಸಾಯದ ಮನೆಯಲ್ಲೂ ಕನ್ನಡ. ಸುತ್ತ ಎಲ್ಲರೂ ತಮಿಳಾಡುವಾಗ ನಮ್ಮಿಬ್ಬರ ಮಾತು ಮಾತ್ರ ಬೇರೆ. ನಾನು ಅವರನ್ನು ಸಾರ್ ಎನ್ನುತ್ತಿದ್ದೆ, ಅವರು ನನ್ನನ್ನು ಟೀಚರಮ್ಮ ಎನ್ನುತ್ತಿದ್ದರು.

ಹೆಚ್ಚಿನ ಪಂದ್ಯಗಳು ನಡೆಯುತ್ತಿದ್ದುದು ಓಮಲೂರಿನ ಹೊರಗಿನ ಒಂದು ಶಾಲೆಯ ಮೈದಾನದಲ್ಲಿ. ಪಡುವಣಕ್ಕೆ ಶಾಲೆಯ ಹಂಚಿನ ಕಟ್ಟಡ, ಮೂಡಣಕ್ಕೆ ಸೇಲಂ–ಬೆಂಗಳೂರು ರಸ್ತೆ. ನಡುವೆ ಬೇಲಿಯಿಲ್ಲ. ರಸ್ತೆಯಂಚಿಗೆ ಸಾಲಾಗಿ ಹುಣಸೆಮರಗಳಿದ್ದವು, ಅಷ್ಟೇ. ಸಾಯಂಕಾಲದ ಬಿಸಿಲು ಕಣ್ಣಿಗೆ ಹೊಡೆಯಬಾರದೆಂದು ಹುಡುಗಿಯರು ಶಾಲೆಗೆ ಬೆನ್ನು ಹಾಕಿ, ರಸ್ತೆಯ ಕಡೆಗೆ ಹೊಡೆಯುವಂತೆ ಚೌಕ ಎಳೆದಿದ್ದರು. ಎಡಗಡೆ ಮೈದಾನ ಉದ್ದವಾಗಿತ್ತು. ಬಲಗಡೆ ರಸ್ತೆ ತಿರುಗಿ ಒಳಕ್ಕೆ ಬಂದು ಜಾಗ ಗಿಡ್ಡವಾಗಿತ್ತು. ಬಲಕ್ಕೆ ಬಿದ್ದ ಚೆಂಡು ತಪ್ಪಿದರೆ ನೇರವಾಗಿ ಡಾಂಬರಿಗೆ.

ಪಂದ್ಯಗಳಿಗೆ ಅಲ್ಲಿ ಗೆರೆ ಎಳೆಸುವ ಹೊಣೆ ಮೇಷ್ಟ್ರದೇ; ಅದಕ್ಕಾಗಿ ಆ ಮೈದಾನಕ್ಕೆ ಮಾತ್ರ ಒಂದು ಪದ್ಧತಿ ಮಾಡಿಕೊಂಡಿದ್ದರು. ಮರಗಳ ಈಚೆಗೆ ಸುಣ್ಣದ ಗೆರೆ. ಚೆಂಡು ಗೆರೆ ದಾಟಿತೆಂದರೆ ಆಟ ಅಲ್ಲಿಗೆ ನಿಂತಿತು, ಹೊಡೆದವಳಿಗೆ ಎರಡು ಬೇಸು. ಆ ಗೆರೆ ನೋಡಲಿಕ್ಕೆ ಅವರು ಮೊದಲನೇ ಬೇಸಿನ ಹಿಂದೆ ನಿಲ್ಲುವುದನ್ನು ಬಿಟ್ಟು, ಬಲಗಡೆಯ ತುದಿಯಲ್ಲಿ ಒಂದು ಹುಣಸೆಮರದ ಕೆಳಗೆ, ರಸ್ತೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಚೆಂಡಿನ ಹಿಂದೆ ಓಡಿ ಬರುವ ಹುಡುಗಿಗೆ ಎದುರಿಗೇ ಅವರು ಕಾಣಬೇಕು. ಗೆರೆ ದಾಟಿದರೆ ಎರಡೂ ಕೈ ಮೇಲಕ್ಕೆತ್ತುತ್ತಿದ್ದರು. ಹುಡುಗಿ ಅಲ್ಲೇ ನಿಲ್ಲುತ್ತಿದ್ದಳು. ಅವರೇ ರಸ್ತೆಗೆ ಹೋಗಿ, ಎಡ ಬಲ ನೋಡಿ, ಚೆಂಡು ತಂದುಕೊಡುತ್ತಿದ್ದರು. ಚೆಂಡು ಬಲಕ್ಕೆ ಹೋದಾಗ ಮೊದಲನೇ ಬೇಸಿನ ಜವಾಬ್ದಾರಿ, ಹೊಡೆಯುವವಳ ಬೆನ್ನ ಹಿಂದೆ ನಿಲ್ಲುತ್ತಿದ್ದ ನನ್ನದು.

ಪುಸ್ತಕದ ಪ್ರಕಾರ ಇದು ಪೂರ್ತಿ ತಪ್ಪು. ಬಸ್ಸಿನಲ್ಲಿ ಇದೇ ನಮ್ಮ ಜಗಳ.

"ಸಾರ್, ಓಟ ನೋಡೋ ಅಂಪೈರ್ ಬೇಸಿನ ಪಕ್ಕ ಇರ್ಬೇಕು. ಪುಸ್ತಕದಾಗೆ ಚಿತ್ರ ಸಮೇತ ಐತೆ."

"ಚಿತ್ರ ಬರ್ದೋನು ಓಮಲೂರು ರೋಡ್ ನೋಡವ್ನಾ ಟೀಚರಮ್ಮ?"

"ನೋಡಿಲ್ಲ. ಆದ್ರೆ ಮರದ ಕೆಳಗಿಂದ ನಿಮ್ಗೆ ಬೇಸ್ ಕಾಣ್ತದಾ, ಕಾಲು ಕಾಣ್ತದಾ?"

"ಎರಡೂ ಸರಿಯಾಗಿ ಕಾಣಲ್ಲ." ಅವರು ನಕ್ಕರು. "ಧೂಳು ಕಾಣ್ತದೆ. ಅದ್ರಾಗೇ ಅಂದಾಜು."

ಸ್ವಲ್ಪ ಹೊತ್ತು ಬಿಟ್ಟು ಕಿಟಕಿಯ ಕಡೆ ನೋಡುತ್ತ ಹೇಳಿದರು: "ಮಂದೆ ರೋಡಿಗೆ ಬಿದ್ದಾಗ ಇಂದ್ಗಡೆಯಿಂದ ಕೂಗುದ್ರೆ ಕುರಿ ಇನ್ನೂ ಜೋರಾಗ್ ಓಡ್ತವೆ. ಮುಂದಕ್ಕೋಗಿ ಅಡ್ಡ ನಿಂತ್ರೆ ದಾನ್, ಆವಾಗ್ಲೇ ನಿಲ್ಲೋದು. ನಾನು ಚಿಕ್ಕೋನಾಗಿದ್ದಾಗಿಂದ ಅದೇ ಮಾಡಿರೋದು."

ಅವರ ಅಂದಾಜು ಎಲ್ಲರಿಗೂ ಒಪ್ಪಿಗೆಯಾಗುತ್ತಿರಲಿಲ್ಲ. ಅಂಪೈರ್ ಮರದ ನೆರಳಲ್ಲಿ ನಿಂತು ತೀರ್ಪು ಕೊಡುತ್ತಾರೆ ಎಂದು ಸೋತ ತಂಡದ ಮೇಷ್ಟ್ರುಗಳು ಪಂದ್ಯ ನಡೆಸುವ ಸಮಿತಿಗೆ ದೂರು ಹೇಳಿದರು. ದೂರಿನಲ್ಲಿ ನಿಜವೂ ಇತ್ತು. ಹೆಜ್ಜೆಯಷ್ಟು ಅಂತರದ ಎಷ್ಟೋ ಓಟಗಳನ್ನು ನಾವಿಬ್ಬರೂ ತಪ್ಪಾಗಿ ಹೇಳಿದ್ದೆವು. ಅವರು ದೂರದಿಂದ, ನಾನು ಮುಖವಾಡ ತೆಗೆದು ಅರ್ಧ ದಾರಿ ಓಡಿ ಏದುಸಿರಿನಿಂದ.

ಆ ವರ್ಷ ಎರಡೂ ಜಿಲ್ಲೆಯ ಅಂಪೈರುಗಳಿಗೆ ಪರೀಕ್ಷೆ ಇಟ್ಟರು. ಪಾಸಾದವರಿಗೆ ರಾಜ್ಯದ ಪಂದ್ಯಗಳು, ಆಗದವರಿಗೆ ತಮ್ಮ ಶಾಲೆಯ ಅಂಗಳವೇ ಗತಿ. ವಯಸ್ಸಿನ ಮಿತಿಯಿದ್ದುದರಿಂದ ಮೇಷ್ಟ್ರಿಗೆ ಅದೇ ಮೊದಲು, ಅದೇ ಕೊನೆ. ನಾನು ತರಬೇತಿಯಲ್ಲೇ ಪಾಸಾಗಿದ್ದೆ. ಅವರ ಪಂದ್ಯಕ್ಕೆ ಜೊತೆಯಾಗಿ ನಿಲ್ಲುವುದಷ್ಟೇ ನನ್ನ ಕೆಲಸ. ಧರ್ಮಪುರಿ ಬಸ್‌ಸ್ಟ್ಯಾಂಡಿನ ಕಾಫಿ ಅಂಗಡಿಯಲ್ಲಿ ನಾಲ್ಕು ಲೋಟಗಳನ್ನು ಚೌಕವಾಗಿಟ್ಟು, ಬೆಂಕಿಪೊಟ್ಟಣವನ್ನು ಅಂಪೈರ್ ಮಾಡಿಕೊಂಡು, ಎಲ್ಲಿಂದ ಎಲ್ಲಿಗೆ ಎಂದು ನನ್ನ ಹತ್ತಿರ ಪಾಠ ಹೇಳಿಸಿಕೊಂಡರು. ಚೆಂಡು ಹೊರಕ್ಕೆ ಹೋದರೆ ಅಂಪೈರ್ ಚೌಕದ ಒಳಕ್ಕೆ ಬಂದು ತಿರುಗಿ, ಓಡುವವಳು ಬೇಸ್ ಮುಟ್ಟಿದಳೇ ಎಂದು ನೋಡಬೇಕು. ಚೆಂಡಿನ ಹಿಂದೆ ತಾನು ಓಡಬಾರದು.

"ಲೋಟ ಎತ್ತಲಾ ಸಾರ್, ಇಲ್ಲ ಇನ್ನೂ ಆಟ ಮುಗೀಲಿಲ್ವಾ?" ಎಂದು ಅಂಗಡಿಯವನು ತಮಿಳಿನಲ್ಲಿ ಕೇಳಿದ.

"ಇನ್ನೊಂದ್ ಕಾಫಿ ಕೊಡಪ್ಪ, ಐದನೇ ಆಟಗಾರ ಬೇಕು" ಎಂದರು ಮೇಷ್ಟ್ರು.

"ಪಾಸಾಗಿ ಏನ್ ಮಾಡ್ತೀರಿ ಸಾರ್?" ಎಂದು ನಾನು ಕೇಳಿದೆ.

"ಗ್ಯಾಲರಿ ಇರೋ ಮೈದಾನದಾಗೆ ಒಂದ್ಸಲ ನಿಲ್ಬೇಕು ಟೀಚರಮ್ಮ. ಆಮೇಲೆ ಪರವಾಯಿಲ್ಲೆ."

ಪರೀಕ್ಷಕರು ಮದ್ರಾಸಿನಿಂದ ಬಂದರು. ನಿವೃತ್ತರು, ಮೆಲುಮಾತಿನವರು, ಕಪ್ಪು ಕನ್ನಡಕ, ಕೈಯಲ್ಲಿ ಕೊಡೆ. ಮೈದಾನವನ್ನು ಒಂದು ಸುತ್ತು ನೋಡಿ, ಸುಣ್ಣದ ಗೆರೆಗೆ ಒಪ್ಪಿದರು. ಗೆರೆ ದಾಟಿದರೆ ಎರಡು ಬೇಸು, ಸರಿ. ಆದರೆ ಅಂಪೈರ್ ನಿಲ್ಲುವುದು ಮಾತ್ರ ಪುಸ್ತಕದಲ್ಲಿರುವ ಜಾಗದಲ್ಲೇ. "ನಾನು ಇವತ್ತು ನೋಡುವುದು ನಿಮ್ಮ ಕಾಲುಗಳನ್ನು" ಎಂದು ಮೇಷ್ಟ್ರಿಗೆ ತಮಿಳಿನಲ್ಲಿ ಹೇಳಿದರು. ಮೇಷ್ಟ್ರು ಹೊಸದಾಗಿ ಬಿಳಿ ಬಳಿದ ತಮ್ಮ ಷೂಗಳನ್ನು ನೋಡಿಕೊಂಡರು.

ಎರಡೂ ತಂಡದ ನಾಯಕಿಯರನ್ನು ಕರೆದು ಗೆರೆಯ ನಿಯಮ ಹೇಳಿದೆವು. ಅಂಪೈರ್ ಇವತ್ತು ಮರದ ಕೆಳಗೆ ಇರುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಹೇಳಬೇಕಾದ ಮಾತು ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಅದು ಅಂಪೈರುಗಳ ವಿಷಯವಾಗಿತ್ತು.

ಆ ಮೈದಾನದ ಶಾಲೆಯ ತಂಡದಲ್ಲಿ ಬಲಗಡೆಯ ಕಾವಲಿಗೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಅವಳೂ ಕುರಿ ಸಾಕುವ ಕನ್ನಡದ ಮನೆಯವಳು. ಹೊಡೆಯುವುದರಲ್ಲಿ ಸುಮಾರು, ಓಟದಲ್ಲಿ ಅವಳನ್ನು ಮೀರಿಸುವವರಿಲ್ಲ. ಗ್ಲೌಸುಗಳು ಸಾಲದೆ ಬಲಗಡೆಯವಳಿಗೆ ಬರಿಗೈ. ಮತ್ತೊಂದು ವಿಷಯ ಹೇಳಬೇಕು. ಶಾಲೆಯಲ್ಲಿ ಒಳ್ಳೆಯ ಚೆಂಡು ಇದ್ದುದು ಒಂದೇ. ಅದು ಲಾರಿಯ ಚಕ್ರಕ್ಕೆ ಸಿಕ್ಕರೆ ಅಂದಿನ ಆಟ ಮಾತ್ರವಲ್ಲ, ಆ ವರ್ಷದ ಆಟವೇ ಮುಗಿಯಿತು. ಹುಡುಗಿಯರಿಗೆ ಚೆಂಡಿನ ಬಗ್ಗೆ ಭಯವಿತ್ತು. ಲಾರಿಯ ಬಗ್ಗೆ ಇರಲಿಲ್ಲ.

ಆಟ ಅರ್ಧ ಕಳೆದಿತ್ತು. ಮೇಷ್ಟ್ರು ಒಂದು ಹೆಜ್ಜೆಯನ್ನೂ ತಪ್ಪಿರಲಿಲ್ಲ. ಮೊದಲನೇ ಬೇಸಿನ ತೀರ್ಪುಗಳು ಅಷ್ಟು ಸ್ಪಷ್ಟವಾಗಿ ಬರುತ್ತಿದ್ದವು ಎಂದರೆ, ಸೋಲುತ್ತಿದ್ದವರೂ ಸುಮ್ಮನಿದ್ದರು. ಎದುರು ತಂಡದ ಒಬ್ಬ ಎತ್ತರದ ಹುಡುಗಿ ಹೊಡೆದ ಚೆಂಡು ಮೊದಲನೇ ಬೇಸಿನ ಮೇಲಿಂದ ಹಾದು, ನೆಲಕ್ಕೆ ಬಿದ್ದು, ಬಲಕ್ಕೆ ಉರುಳಿತು. ನಾನು ಕಲಿತ ಹಾಗೆ ಎಡಗೈಯಿಂದ ಮುಖವಾಡ ಕಿತ್ತು ಹಿಡಿದೆ. ಮೇಷ್ಟ್ರು ಕಲಿತ ಹಾಗೆ ಚೌಕದ ಒಳಕ್ಕೆ ಬಂದು ತಿರುಗಿದರು. ಹುಡುಗಿ ಚೆಂಡಿನ ಹಿಂದೆ ಓಡಿದಳು.

ಚೆಂಡು ಗೆರೆ ದಾಟಿತು. ಮೇಷ್ಟ್ರು ಎರಡೂ ಕೈ ಎತ್ತಿದರು. "ಡೆಡ್ ಬಾಲ್" ಎಂದು ಕೂಗಿದರು. ಎಲ್ಲವೂ ಸರಿಯಾಗಿತ್ತು. ಆದರೆ ಅವರು ಅವಳ ಹಿಂದೆ ಇದ್ದರು. ಅವಳ ಮುಂದೆ ಹುಣಸೆಮರ ಇತ್ತು, ಮರದ ಕೆಳಗೆ ಯಾರೂ ಇರಲಿಲ್ಲ. ಸುತ್ತ ನೂರಾರು ಮಕ್ಕಳ ಕಿರುಚಾಟ. ಅವಳು ನಿಲ್ಲಲಿಲ್ಲ. ನಾನು ನಿಂತಿದ್ದ ಕಡೆಯಿಂದ ಬಲಕ್ಕೆ, ಎರಡು ಮರಗಳ ನಡುವೆ, ಸೇಲಂ ಕಡೆಯಿಂದ ಬರುತ್ತಿದ್ದ ಲಾರಿಯ ಮೂತಿ ಕಾಣಿಸಿತು. ಮುಂದಿನ ಮರ ಅದನ್ನು ಮುಚ್ಚಿತು. ಮತ್ತೆ ಕಾಣಿಸಿತು, ಇನ್ನೂ ಹತ್ತಿರ. ಅವಳಿಗೆ ಅದು ಕಂಡಿರಲಿಲ್ಲ ಎನ್ನುವುದು ಅವಳು ಓಡುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಅಷ್ಟು ನಿಶ್ಚಿಂತೆಯಿಂದ ತಲೆ ತಗ್ಗಿಸಿ ಓಡುತ್ತಿದ್ದಳು.

ಆಗ ಮೇಷ್ಟ್ರು ಕನ್ನಡದಲ್ಲಿ ಕೂಗಿದರು. "ಲೇ, ನಿಲ್ಲೇ! ಓಗ್ಬೇಡ್ವೇ!"

ಅವಳು ಡಾಂಬರಿನ ಮೇಲಿದ್ದಳು. ಹಾರ್ನು, ಬ್ರೇಕಿನ ಕರ್ಕಶ ಸದ್ದು, ಮರಕ್ಕೆ ಏನೋ ಬಡಿದ ಸದ್ದು. ಲಾರಿ ಅಡ್ಡಲಾಗಿ ತಿರುಗಿ ನಿಂತಿತು. ರಸ್ತೆಯಂಚಿನ ಕೆಂಧೂಳು ಎದ್ದು ಲಾರಿ, ಮರ, ಹುಡುಗಿ ಎಲ್ಲವನ್ನೂ ಮುಚ್ಚಿಬಿಟ್ಟಿತು.

ಆ ಧೂಳು ಎಷ್ಟು ಹೊತ್ತು ಇತ್ತೋ ನನಗೆ ಗೊತ್ತಿಲ್ಲ. ನಾನು ಇವತ್ತಿಗೂ ಅದರೊಳಕ್ಕೆ ನೋಡುತ್ತಲೇ ಇದ್ದೇನೆ. ನಾನು ಓಡಲಿಲ್ಲ. ಮೇಷ್ಟ್ರೂ ಓಡಲಿಲ್ಲ. ಅವರ ಎರಡೂ ಕೈ ಮೇಲೆ ಎತ್ತಿದ ಹಾಗೇ ಇದ್ದವು. ಕೊಡೆಯ ಕೆಳಗೆ ಪರೀಕ್ಷಕರು. ಮೂವರೂ ನಮ್ಮ ನಮ್ಮ ಜಾಗದಲ್ಲೇ ಇದ್ದೆವು. ಅಷ್ಟರಲ್ಲಿ ಹೊಡೆದ ಹುಡುಗಿ ಎಲ್ಲ ಬೇಸುಗಳನ್ನೂ ಮುಟ್ಟಿ ಬಂದು, ನನ್ನ ಪಕ್ಕದಲ್ಲಿ ನಿಂತು, ಉಸಿರು ಬಿಡುತ್ತ, "ಟೀಚರ್, ರನ್ ದಾನೇ?" ರನ್ ತಾನೇ ಎಂದು ಕೇಳಿದಳು.

ಧೂಳು ಇಳಿಯುವಾಗ ಲಾರಿಯ ಆ ಬದಿಯಿಂದ ಒಂದು ಕೈ ಮೇಲೆ ಬಂತು. ಕೈಯಲ್ಲಿ ಚೆಂಡು. ಆಮೇಲೆ ಹುಡುಗಿ. ಚೆಂಡು ಸಿಕ್ಕಿದೆ ಎಂದು ಅಂಪೈರಿಗೆ ತೋರಿಸಲು ಎತ್ತಿ ಹಿಡಿದುಕೊಂಡೇ ಬಂದಳು. ಮೊಣಕಾಲು ತರಚಿತ್ತು, ಅಷ್ಟೇ.

ನಾವು ಹೋಗುವಷ್ಟರಲ್ಲಿ ಡ್ರೈವರ್ ಇಳಿದಿದ್ದ. ಶಂಕಗಿರಿಯ ಲಾರಿ. ಲಾರಿಯ ಹಿಂಬದಿ ಮರಕ್ಕೆ ತಾಗಿ ಹಲಗೆ ಮುರಿದಿತ್ತು. "ಸಾವರದುಕ್ಕು ಎನ್ ವಂಡಿ ದಾನ್ ಕೆಡಚ್ಚುದಾ?" ಸಾಯೋದಕ್ಕೆ ನನ್ನ ಗಾಡಿಯೇ ಸಿಕ್ಕಿತಾ ಎಂದು ಕೂಗಿದ. ಎರಡನೇ ಸಲ ಕೂಗಲು ಹೋದವನು ಚಕ್ರದ ಪಕ್ಕ ಕುಳಿತು ನೀರು ಕೇಳಿದ. ನೀರನ್ನು ನಾನೇ ಅವನ ಬಾಯಿಗೆ ಹಿಡಿದೆ.

ಮೇಷ್ಟ್ರು ಹುಡುಗಿಯ ಎದುರಿಗೆ ನಿಂತಿದ್ದರು.

"ಗೆರೆ ದಾಟಿದ್ಮೇಲೆ ಯಾಕ್ ಮುಂದಕ್ಕೋದೆ?"

"ನೀವು ಅಲ್ಲಿರ್ಲಿಲ್ವಲ್ಲ ಸಾರ್." ಮರದ ಕಡೆ ಕೈ ತೋರಿಸಿದಳು. "ಕೈ ಕಾಣ್ಲಿಲ್ಲ. ಚೆಂಡು ಇನ್ನೂ ಗೆರೆ ದಾಟಿಲ್ಲಾಂತ ಅಂದ್ಕೊಂಡೆ." ಆಮೇಲೆ ನನ್ನನ್ನು ನೋಡಿ, "ಎರಡೇ ಬೇಸ್ ತಾನೇ ಟೀಚರ್ ಕೊಟ್ಟಿದ್ದು?" ಎಂದಳು.

ಆಟ ಅಲ್ಲಿಗೆ ನಿಂತಿತು. ಶಾಲೆಯ ಜಗಲಿಯಲ್ಲಿ ಕುಳಿತಾಗ ಪರೀಕ್ಷಕರು ಕೊಡೆ ಮಡಚಿ ಪಕ್ಕಕ್ಕಿಟ್ಟರು. ಆಮೇಲೆ, ನಿಮ್ಮ ನಿಲುಗಡೆ ಇಡೀ ಆಟದಲ್ಲಿ ಎಲ್ಲೂ ತಪ್ಪಿಲ್ಲ ಎಂದರು. ಅವರು ಕೆಟ್ಟವರಲ್ಲ. ಹೇಳುವಾಗ ಅವರ ಮುಖವೂ ಬಿಳಿಚಿಕೊಂಡಿತ್ತು.

"ಮರದ ಕೆಳಗೆ ಇದ್ದಿದ್ದರೆ ಅವಳು ನಿಲ್ಲುತ್ತಿದ್ದಳು" ಎಂದರು ಮೇಷ್ಟ್ರು, ತಮಿಳಿನಲ್ಲಿ.

"ನಿಲ್ಲುತ್ತಿದ್ದಳು. ನಾಳೆ ಅವಳು ಬೇರೆ ಊರಿಗೆ ಆಡಲು ಹೋಗುತ್ತಾಳೆ. ಅಲ್ಲಿ ಬೇರೆ ಅಂಪೈರ್. ಅಲ್ಲಿಯೂ ಮರದ ಕೆಳಗೆ ಕೈ ಹುಡುಕುತ್ತಾಳೆ. ಕಾಣದಿದ್ದರೆ ಓಡುತ್ತಾಳೆ." ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. "ಒಬ್ಬೊಬ್ಬ ಅಂಪೈರ್ ಒಂದೊಂದು ಜಾಗದಲ್ಲಿ ನಿಂತರೆ ಮಕ್ಕಳು ಯಾರನ್ನು ನಂಬಬೇಕು?"

ಅಂದಿನಿಂದ ಆ ಪ್ರಶ್ನೆಯನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದ್ದೇನೆ. ಒಮ್ಮೆ ಪರೀಕ್ಷಕರು ಹೇಳಿದ್ದೇ ಸರಿ ಎನಿಸುತ್ತದೆ. ಮೇಷ್ಟ್ರ ಪದ್ಧತಿಯಿಂದಲೇ ಅವಳು ರಸ್ತೆ ನೋಡುವುದನ್ನು ಬಿಟ್ಟು ಒಬ್ಬ ಮನುಷ್ಯನನ್ನು ನೋಡುವುದು ಕಲಿತಳು. ಮತ್ತೊಮ್ಮೆ, ಮನುಷ್ಯ ಅಲ್ಲಿ ಇದ್ದಿದ್ದರೆ ಇಷ್ಟೆಲ್ಲ ಯೋಚಿಸುವ ಅಗತ್ಯವೇ ಇರಲಿಲ್ಲ ಎನಿಸುತ್ತದೆ. ಎರಡೂ ಕಡೆ ಓಡಿ ಓಡಿ ದಣಿದಿದ್ದೇನೆ.

ಮರುವಾರ ಹುಡುಗಿಯ ತಾಯಿ ಓಮಲೂರಿನ ಆ ಶಾಲೆಗೆ ಬಂದಳು. ಅಲ್ಲಿಯ ಹೆಡ್‌ಮಾಸ್ಟರು ಮೇಷ್ಟ್ರನ್ನು ಕರೆಸಿದ್ದರು, ಮೇಷ್ಟ್ರು ನನ್ನನ್ನೂ ಜೊತೆಗೆ ಕರೆಸಿದ್ದರು. ಆಕೆ ಕುಳಿತುಕೊಳ್ಳಲಿಲ್ಲ.

"ಚೆಂಡಿಗೋಸ್ಕರ ಲಾರಿಗೆ ಬೀಳಕೆ ನನ್ ಮಗ್ಳೇನ್ ನಾಯಿಮರಿನಾ ವಾತ್ಯಾರೇ? ನಾಳೆಯಿಂದ ಆಟಕ್ಕೆ ಕಳ್ಸಲ್ಲ. ಇಸ್ಕೂಲಿಗೂ ಕಳ್ಸಲ್ಲ."

"ಇಸ್ಕೂಲ್ ಬಿಡುಸ್ಬೇಡ ಅಕ್ಕ. ಇನ್ಮೇಲೆ ರೋಡ್ ಕಡೀಕೆ ಒಂದ್ ಚೆಂಡೂ ಓಗಲ್ಲ."

"ಓಗ್ಬೇಡಾಂತ ಚೆಂಡಿಗೆ ನೀವು ಏಳ್ತೀರಾ?"

ಮೇಷ್ಟ್ರು ತಲೆ ಕೆರೆದುಕೊಂಡರು. ಹುಡುಗಿ ಬಾಗಿಲ ಹತ್ತಿರ ನಿಂತು ನಗು ತಡೆದುಕೊಳ್ಳುತ್ತಿದ್ದಳು. "ನೀನ್ ಏನ್ಲೇ ನಗ್ತೀಯಾ" ಎಂದು ತಾಯಿ ತಿರುಗಿ ಗದರಿದಳು. ಆದರೆ ಅವಳನ್ನು ಎಳೆದುಕೊಂಡು ಹೋಗಲಿಲ್ಲ. ಒಂದು ಆಟ ತಾನೇ ಬಂದು ನೋಡುವುದಾಗಿ, ಆಮೇಲೆ ಹೇಳುವುದಾಗಿ ಹೇಳಿ ಹೋದಳು.

ಆ ಸಂಜೆ ಮೇಷ್ಟ್ರು ಸುಣ್ಣದ ಬುಟ್ಟಿ ತರಿಸಿ, ಚೌಕವನ್ನೇ ತಿರುಗಿಸಿ ಎಳೆದರು. ಈಗ ಹೊಡೆಯುವವಳ ಬೆನ್ನಿಗೆ ರಸ್ತೆ, ಮುಖಕ್ಕೆ ಶಾಲೆ. ಹೆಡ್‌ಮಾಸ್ಟರು ಓಡಿ ಬಂದರು. ಹಂಚು ಒಡೆದರೆ ಯಾರು ಹೊಣೆ ಎಂದರು. ಹುಡುಗಿಯರು ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಚೆಂಡೇ ಕಾಣುವುದಿಲ್ಲ ಎಂದು ಗೊಣಗಿದರು. "ಬಿಸ್ಲಿಗೆ ಕಣ್ ಕಿರ್ದು ಮಾಡ್ಕೊಂಡ್ ನೋಡ್ರಿ" ಎಂದರು ಮೇಷ್ಟ್ರು. ಹೊಡೆಯುವವಳ ಬೆನ್ನ ಹಿಂದೆ, ರಸ್ತೆಗೆ ಅಡ್ಡವಾಗಿ, ಬಿದಿರಿನ ಗಳು ನೆಟ್ಟು ಹಳೆಯ ಬಲೆ ಕಟ್ಟಿಸಿದರು. ಅವರು ಮೊದಲನೇ ಬೇಸಿನ ಹಿಂದೆ, ಪುಸ್ತಕದಲ್ಲಿರುವ ಜಾಗದಲ್ಲೇ ನಿಂತರು. ಆ ಮೈದಾನದಲ್ಲಿ ಮತ್ತೆಂದೂ ಮರದ ಕೆಳಗೆ ಹೋಗಲಿಲ್ಲ.

ಪರೀಕ್ಷೆಯಲ್ಲಿ ಅವರು ಪಾಸಾಗಿದ್ದರು. ಒಂದು ಸಲ ಮದ್ರಾಸಿಗೂ ಹೋಗಿಬಂದರು. ಹೇಗಿತ್ತು ಎಂದು ಬಸ್ಸಿನಲ್ಲಿ ಕೇಳಿದೆ. "ಸುತ್ತ ಗೋಡೆ ಐತೆ ಟೀಚರಮ್ಮ" ಎಂದರು. ಸ್ವಲ್ಪ ದೂರ ಹೋದ ಮೇಲೆ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿಕೊಂಡರು. ನಮ್ಮ ಬಸ್ಸಿನ ಜಗಳಗಳು ಹಾಗೇ ಮುಗಿದವು.

ಚೌಕ ತಿರುಗಿಸಿದ ಮೇಲಿನ ಮೊದಲ ಪಂದ್ಯಕ್ಕೆ ತಾಯಿ ಬಂದಳು. ಶಾಲೆಯ ಜಗಲಿಯ ಕಂಬಕ್ಕೆ ಒರಗಿ ನಿಂತು, ಎಲೆ ಅಡಿಕೆ ಅಗಿಯುತ್ತ, ಕೊನೆಯವರೆಗೂ ನೋಡಿದಳು. ಮಗಳು ಅವಳಿಂದ ಕೂಗಳತೆಯಲ್ಲಿ ಬಲಗಡೆಯ ಕಾವಲಿಗಿದ್ದಳು. ಚೆಂಡು ಬಂದಾಗ ಕಟ್ಟಡದ ಕಡೆಗೆ ಓಡುತ್ತಿದ್ದಳು, ಮೊದಲಿನಂತೆಯೇ ತಲೆ ತಗ್ಗಿಸಿ. "ಗೋಡೆಗೆ ಒಡ್ಕೊಂಡೀಯೇ ಕತ್ತೆ!" ಎಂದು ತಾಯಿ ಕೂಗಿದಾಗ ಮಕ್ಕಳೆಲ್ಲ ನಕ್ಕರು.

ಆದರೆ ಚೌಕ ತಿರುಗಿಸಿದ್ದರಿಂದ ರಸ್ತೆಗೆ ಹತ್ತಿರವಾದವಳು ನಾನು. ಹೊಡೆಯುವವಳ ಹಿಂದೆ, ಹೊಡೆಯದೆ ಬಿಟ್ಟ ಚೆಂಡು ಹಿಡಿಯುವ ಕ್ಯಾಚರ್ ಹುಡುಗಿಯ ಹಿಂದೆ, ಬಾಗಿ ನಿಂತರೆ ಬಲೆಯ ಆಚೆ ನನ್ನ ಬೆನ್ನಿಗೇ ಲಾರಿಗಳು. ಕ್ಯಾಚರಿನ ಕೈತಪ್ಪಿದ ಚೆಂಡು ನನ್ನ ಕಾಲ ಪಕ್ಕದಿಂದ ಹಿಂದಕ್ಕೆ ಹೋದರೆ, ಬಲೆ ಅದನ್ನು ತಡೆಯುತ್ತದೆ ಎಂದು ನನಗೆ ಗೊತ್ತಿತ್ತು. ಗಳುಗಳನ್ನು ನಾನೇ ಅಲ್ಲಾಡಿಸಿ ನೋಡಿದ್ದೆ. ಆದರೂ ಚೆಂಡು ತಪ್ಪಿದಾಗಲೆಲ್ಲ ನನ್ನ ಎರಡೂ ತೋಳು ತಾವಾಗಿಯೇ ಅಗಲವಾಗಿ ಚಾಚಿಕೊಳ್ಳುತ್ತಿದ್ದವು, ಎದ್ದು ಓಡಲು ಹೊರಟ ಕ್ಯಾಚರ್ ಹುಡುಗಿಗೆ ಅಡ್ಡವಾಗಿ. "ಟೀಚರ್, ದಾರಿ ಬಿಡಿ" ಎಂದು ಅವಳು ತಮಿಳಿನಲ್ಲಿ ಬೇಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಓಡುವವಳು ಒಂದು ಬೇಸ್ ಹೆಚ್ಚು ಪಡೆದಿರುತ್ತಿದ್ದಳು. ಅಂಪೈರ್ ಆಟಗಾರ್ತಿಯನ್ನು ತಡೆಯುವಂತಿಲ್ಲ. ಪುಸ್ತಕದಲ್ಲಿ ಅದಕ್ಕೂ ನಿಯಮವಿದೆ, ನಾನೇ ಎಷ್ಟೋ ಜನಕ್ಕೆ ಓದಿ ಹೇಳಿದ್ದೇನೆ.

ಮೂರನೆಯ ದೂರು ಬಂದ ಮೇಲೆ ಸಮಿತಿಯವರು ಮರ್ಯಾದೆಯಿಂದಲೇ ಕೇಳಿದರು, ಬೇರೆ ಯಾರನ್ನಾದರೂ ಆ ಜಾಗಕ್ಕೆ ನಿಲ್ಲಿಸೋಣವೇ ಎಂದು. ನಿಲ್ಲಿಸಿ ಎಂದೆ.